ತಾಯಿಪ್ರತಿ ಒಂದಿರಲಿ: ಆಡಿಯೊ ಫೈಲ್‌ಗಳ ಫಾರ್ಮ್ಯಾಟ್ ಬದಲಿಸುವ ಬಗೆ

ಆಳಂದ ತಾಲ್ಲೂಕಿನ ನಮ್ಮ ಊರಿನಲ್ಲಿ ಮುತ್ಯಾನ ಕಾಲದಿಂದ ನಡೆದುಬಂದ ಒಂದು ಭಜನಾ ಮೇಳವಿದೆ. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿ, ದಮ್ಮಡಿ, ತಾಳಗಳೊಂದಿಗೆ ಅಮಾವಾಸ್ಯೆಯ ರಾತ್ರಿ ಬೆಳಗಿನವರೆಗೆ ಹಾಡುವ ಈ ಮೇಳದ ಹಳೆಯ ಹಾಡಿಕೆ ಹನ್ನೊಂದು ಕ್ಯಾಸೆಟ್‌ಗಳಲ್ಲಿ ಮಾತ್ರ ಉಳಿದಿತ್ತು. ಅವುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡಲು ಕಲಬುರಗಿಯ ಒಂದು ಅಂಗಡಿಗೆ ಒಪ್ಪಿಸಿ, ಎಲ್ಲವೂ ವೇವ್ ಫೈಲ್ ಆಗಿಯೇ ಬೇಕೆಂದು ಹೇಳಿ ಬಂದಿದ್ದೆ. ವಾರದ ನಂತರ ಕೈಗೆ ಬಂದ ಪೆನ್‌ಡ್ರೈವ್‌ನಲ್ಲಿ ಫೈಲ್‌ಗಳೆಲ್ಲ ವೇವ್ ಆಗಿದ್ದವು, ಗಾತ್ರವೂ ದೊಡ್ಡದಾಗಿಯೇ ಇತ್ತು. ಆದರೆ ತಾಳ ಬಡಿದಾಗ ಬರಬೇಕಾದ ಚುರುಕಾದ ನಾದದ ಬದಲು, ತುಂಬಿದ ಕೊಡದೊಳಗೆ ಕಾಸು ಅಲ್ಲಾಡಿಸಿದಂತಹ ಕಲಸಿದ ಸದ್ದು ಕೇಳುತ್ತಿತ್ತು. ವಿಚಾರಿಸಿದಾಗ, ಕ್ಯಾಸೆಟ್‌ಗಳನ್ನು ಮೊದಲು ಕಡಿಮೆ ಬಿಟ್‌ರೇಟಿನ ಎಂಪಿ3 ಆಗಿ ಇಳಿಸಿಕೊಂಡು, ಆಮೇಲೆ ಅವನ್ನೇ ವೇವ್‌ಗೆ ಬದಲಿಸಲಾಗಿತ್ತು ಎಂಬುದು ತಿಳಿಯಿತು. 'ನೀವು ವೇವ್ ಕೇಳಿದ್ರಿ, ವೇವೇ ಕೊಟ್ಟೀನಲ್ರಿ' ಎಂದು ಅಂಗಡಿಯವರು ಹೇಳಿದ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಕ್ಯಾಸೆಟ್‌ಗಳು ಸುರಕ್ಷಿತವಾಗಿ ಹಿಂದಿರುಗಿದ್ದರಿಂದ ಎಲ್ಲವನ್ನೂ ಮನೆಯಲ್ಲಿ ಮತ್ತೊಮ್ಮೆ ನಾನೇ ಇಳಿಸಿಕೊಂಡೆ. ಆಗ ಕಲಿತ ಕ್ರಮವನ್ನು ಇಲ್ಲಿ ವಿವರಿಸುತ್ತಿದ್ದೇನೆ.

ತೊಗರಿ ಬೆಳೆಯುವ ನಾಡಿನವರಿಗೆ ಇದರ ಮೂಲತತ್ವವನ್ನು ಹೇಳುವುದು ಸುಲಭ. ಗಿರಣಿಗೆ ಹೋದ ತೊಗರಿ ಬೇಳೆಯಾಗಿ ಹೊರಬಂದ ಮೇಲೆ ಅದನ್ನು ಎಷ್ಟು ದೊಡ್ಡ ಚೀಲಕ್ಕೆ ತುಂಬಿದರೂ ಮತ್ತೆ ಬಿತ್ತನೆಯ ಕಾಳಾಗುವುದಿಲ್ಲ. ಎಂಪಿ3, ಎಎಸಿ, ಓಪಸ್ ಮೊದಲಾದ ಫಾರ್ಮ್ಯಾಟ್‌ಗಳು ಮನುಷ್ಯನ ಕಿವಿ ಗಮನಿಸಲಾರದು ಎಂದು ಲೆಕ್ಕ ಹಾಕಿದ ಅಂಶಗಳನ್ನು ಧ್ವನಿಯಿಂದ ತೆಗೆದುಹಾಕಿ ಫೈಲನ್ನು ಚಿಕ್ಕದು ಮಾಡುತ್ತವೆ. ತೆಗೆದದ್ದು ಮತ್ತೆ ದೊರೆಯುವುದಿಲ್ಲ. ವೇವ್ ಮತ್ತು ಫ್ಲ್ಯಾಕ್ ಏನನ್ನೂ ತೆಗೆಯುವುದಿಲ್ಲ: ವೇವ್ ಧ್ವನಿಯನ್ನು ಇದ್ದಂತೆಯೇ ಇಡುತ್ತದೆ, ಫ್ಲ್ಯಾಕ್ ಏನನ್ನೂ ಕಳೆಯದೆ ಅಡಕ ಮಾಡಿ, ಅಂದರೆ ಕಡಿಮೆ ಜಾಗದಲ್ಲಿ ಒತ್ತಿ, ಇಡುತ್ತದೆ. ಆದ್ದರಿಂದ ಏನನ್ನೂ ಕಳೆದುಕೊಳ್ಳದ ಒಂದು ತಾಯಿಪ್ರತಿಯನ್ನು ಮೊದಲು ಮಾಡಿಟ್ಟುಕೊಂಡು, ಮೊಬೈಲಿಗೆ, ವಾಟ್ಸಾಪ್‌ಗೆ, ಗುಡಿಯ ಆಂಪ್ಲಿಫೈಯರಿಗೆ ಬೇಕಾದ ಪ್ರತಿಗಳನ್ನೆಲ್ಲ ಅದರಿಂದಲೇ ನೇರವಾಗಿ ತೆಗೆಯಬೇಕು. ಎಂಪಿ3ಯಿಂದ ಓಪಸ್, ಓಪಸ್‌ನಿಂದ ಮತ್ತೆ ಎಂಪಿ3 ಎಂದು ಮರಿಯಿಂದ ಮರಿ ಮಾಡುತ್ತ ಹೋದರೆ ಪ್ರತಿ ಸುತ್ತಿನಲ್ಲಿಯೂ ಒಂದಿಷ್ಟು ಧ್ವನಿ ಸವೆಯುತ್ತದೆ.

ಅಂಕಿಗಳ ಅರ್ಥ

ಬಿಟ್‌ರೇಟ್, ಸ್ಯಾಂಪಲ್ ರೇಟ್ ಎಂಬ ಪದಗಳನ್ನು ಕಂಡು ಹಿಂಜರಿಯುವ ಕಾರಣವಿಲ್ಲ. ಧ್ವನಿಯ ಅಲೆಯನ್ನು ಒಂದು ಸೆಕೆಂಡಿಗೆ ಎಷ್ಟು ಬಾರಿ ಅಳೆದು ಬರೆದಿಡಲಾಗಿದೆ ಎಂಬುದು ಸ್ಯಾಂಪಲ್ ರೇಟ್. ಮನುಷ್ಯನ ಕಿವಿ ಹೆಚ್ಚೆಂದರೆ ಸುಮಾರು 20,000 ಹರ್ಟ್ಸ್‌ವರೆಗಿನ ಸ್ವರವನ್ನು ಗ್ರಹಿಸುತ್ತದೆ. ಯಾವುದೇ ಕಂಪನವನ್ನು ಸರಿಯಾಗಿ ದಾಖಲಿಸಲು ಅದರ ಎರಡು ಪಟ್ಟಿಗಿಂತ ಹೆಚ್ಚು ಬಾರಿ ಅಳೆಯಬೇಕಾದ್ದರಿಂದ ಸಿ.ಡಿ.ಗೆ 44,100 ಎಂಬ ಅಂಕಿಯೂ ವಿಡಿಯೊಗೆ 48,000 ಎಂಬ ಅಂಕಿಯೂ ರೂಢಿಗೆ ಬಂದಿವೆ. ಪ್ರತಿ ಅಳತೆಯನ್ನು ಎಷ್ಟು ಸೂಕ್ಷ್ಮವಾಗಿ ಬರೆದಿಡಲಾಗಿದೆ ಎಂಬುದನ್ನು 16 ಬಿಟ್, 24 ಬಿಟ್ ಎಂಬ ಮಾತು ಸೂಚಿಸುತ್ತದೆ.

ಬಿಟ್‌ರೇಟ್ ಎಂದರೆ ಒಂದು ಸೆಕೆಂಡಿನ ಧ್ವನಿಗೆ ಖರ್ಚಾಗುವ ಮಾಹಿತಿಯ ಪ್ರಮಾಣ. ಸಿ.ಡಿ. ಗುಣಮಟ್ಟದ ಸ್ಟೀರಿಯೊ ವೇವ್‌ಗೆ ಇದು ಸೆಕೆಂಡಿಗೆ 1,411 ಕಿಲೋಬಿಟ್ ಆಗುತ್ತದೆ. ಫೈಲಿನ ಗಾತ್ರವನ್ನು ಮೊದಲೇ ತಿಳಿಯಬೇಕಾದರೆ ಬಿಟ್‌ರೇಟನ್ನು ಸೆಕೆಂಡುಗಳಿಂದ ಗುಣಿಸಿ 8ರಿಂದ ಭಾಗಿಸಿದರೆ ಕಿಲೋಬೈಟ್ ದೊರೆಯುತ್ತದೆ. ಈ ಲೆಕ್ಕದಂತೆ 90 ನಿಮಿಷದ ಒಂದು ಕ್ಯಾಸೆಟ್ ವೇವ್ ಆದಾಗ ಸುಮಾರು 950 ಎಂಬಿ, 192 ಕಿಲೋಬಿಟ್‌ನ ಎಂಪಿ3 ಆದಾಗ ಸುಮಾರು 130 ಎಂಬಿ, ಕೇವಲ ಮಾತಿಗೆ ಸಾಲುವ 24 ಕಿಲೋಬಿಟ್‌ನ ಓಪಸ್ ಆದಾಗ ಸುಮಾರು 16 ಎಂಬಿ ಜಾಗ ಹಿಡಿಯುತ್ತದೆ. ಫ್ಲ್ಯಾಕ್‌ನ ಗಾತ್ರ ಮಾತ್ರ ಹೀಗೆ ಮೊದಲೇ ಲೆಕ್ಕಕ್ಕೆ ಸಿಗುವುದಿಲ್ಲ. ಅದು ಸಾಮಾನ್ಯವಾಗಿ ವೇವ್‌ನ ಅರ್ಧದ ಆಸುಪಾಸಿನಲ್ಲಿ ಇರುತ್ತದೆಯಾದರೂ, ಹಳೆಯ ಕ್ಯಾಸೆಟ್ಟಿನ 'ಸುಸ್' ಎಂಬ ಸದ್ದು ಹೆಚ್ಚಿದ್ದಷ್ಟೂ ಉಳಿತಾಯ ಕಡಿಮೆಯಾಗುತ್ತದೆ, ಏಕೆಂದರೆ ಕ್ರಮವಿಲ್ಲದ ಸದ್ದನ್ನು ಅಡಕಗೊಳಿಸುವುದು ಕಷ್ಟ.

ಬುಟ್ಟಿ ಬೇರೆ, ಒಳಗಿನ ರೊಟ್ಟಿ ಬೇರೆ

ಫೈಲಿನ ಹೆಸರಿನ ಕೊನೆಯಲ್ಲಿರುವ ಅಕ್ಷರಗಳು ಹಲವು ಬಾರಿ ಬುಟ್ಟಿಯ, ಅಂದರೆ ಧ್ವನಿಯನ್ನು ಹೊತ್ತ ಹೊರಕವಚದ, ಹೆಸರನ್ನಷ್ಟೇ ಹೇಳುತ್ತವೆ. ಎಂ4ಎ ಎಂಬ ಬುಟ್ಟಿಯಲ್ಲಿ ಬಹುತೇಕ ಎಎಸಿ ಧ್ವನಿ ಇರುತ್ತದೆ, ಆದರೆ ಆಪಲ್‌ನ ನಷ್ಟರಹಿತ ಧ್ವನಿಯೂ ಅದೇ ಬುಟ್ಟಿಯಲ್ಲಿ ಬರಬಹುದು. ಓಜಿಜಿ ಎಂಬ ಬುಟ್ಟಿಯಲ್ಲಿ ವೋರ್ಬಿಸ್ ಎಂಬ ಇನ್ನೊಂದು ಬಗೆಯ ಅಡಕ ಧ್ವನಿ ಇರಬಹುದು, ಓಪಸ್ ಇರಬಹುದು. ಮೊಬೈಲಿನಲ್ಲಿ ತೆಗೆದ ಎಂಪಿ4 ವಿಡಿಯೊದ ಒಳಗೆ ಸಾಮಾನ್ಯವಾಗಿ ಎಎಸಿ ಧ್ವನಿ ಕುಳಿತಿರುತ್ತದೆ.

ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ಕಟಕ ರೊಟ್ಟಿಯನ್ನು ಒಂದು ಬುಟ್ಟಿಯಿಂದ ಇನ್ನೊಂದಕ್ಕೆ ಮುರಿಯದಂತೆ ಎತ್ತಿಡಬಹುದಾದ ಹಾಗೆ, ವಿಡಿಯೊದೊಳಗಿನ ಧ್ವನಿಯನ್ನು ಮರು ಅಡಕ ಮಾಡದೆ ಇದ್ದಂತೆಯೇ ಎಂ4ಎ ಬುಟ್ಟಿಗೆ ಎತ್ತಿಕೊಳ್ಳಲು ಸಾಧ್ಯವಿದೆ. ವಿಎಲ್‌ಸಿ ಎಂಬ ಪ್ಲೇಯರ್ ತಂತ್ರಾಂಶದ ಕನ್ವರ್ಟ್ ಕಿಟಕಿಯಲ್ಲಿ ಮೂಲ ಆಡಿಯೊ ಟ್ರ್ಯಾಕನ್ನು ಹಾಗೆಯೇ ಉಳಿಸುವ ಆಯ್ಕೆ ಇದೆ, ಎಫ್‌ಎಫ್‌ಎಂಪೆಗ್ ಎಂಬ ಫಾರ್ಮ್ಯಾಟ್ ಬದಲಿಸುವ ತಂತ್ರಾಂಶ ಬಳಸುವವರು 'ಕಾಪಿ' ಎಂಬ ಆಯ್ಕೆಯಿಂದ ಇದೇ ಕೆಲಸ ಮಾಡುತ್ತಾರೆ. ಎರಡನೆಯದು, ಫೈಲಿನ ಹೆಸರನ್ನು ತಿದ್ದುವುದರಿಂದ ಒಳಗಿನದು ಬದಲಾಗುವುದಿಲ್ಲ. ಓಪಸ್ ಫೈಲಿನ ಹೆಸರಿನ ತುದಿಯಲ್ಲಿ ಎಂಪಿ3 ಎಂದು ಬರೆದು ಪೆನ್‌ಡ್ರೈವ್‌ಗೆ ಹಾಕಿ, ಜಾತ್ರೆಯ ಹೊತ್ತಿನಲ್ಲಿ ಮೈಕ್‌ಸೆಟ್ಟಿನವನ ಮೇಲೆ ಸಿಟ್ಟಾದವರನ್ನು ನಾನು ಕಂಡಿದ್ದೇನೆ.

ಯಾವುದಕ್ಕೆ ಯಾವುದು

ಸಂರಕ್ಷಣೆಗೆ ನನ್ನ ಆಯ್ಕೆ ಫ್ಲ್ಯಾಕ್. 2001ರಲ್ಲಿ ಬಂದ ಈ ಫಾರ್ಮ್ಯಾಟ್ ಯಾರ ಪರವಾನಗಿಗೂ ಒಳಪಟ್ಟಿಲ್ಲ, ವೇವ್‌ಗೆ ಹಿಂದಿರುಗಿಸಿದಾಗ ಒಂದು ಬಿಟ್ ಕೂಡ ವ್ಯತ್ಯಾಸವಾಗುವುದಿಲ್ಲ, ಹಾಡಿದವರ ಹೆಸರು, ಊರು, ವರ್ಷ ಮೊದಲಾದ ವಿವರಗಳನ್ನು ಫೈಲಿನೊಳಗೇ ಕನ್ನಡದಲ್ಲಿ ಬರೆದಿಡಬಹುದು. ಇದಲ್ಲದೆ ಧ್ವನಿಯ ತಾಳೆಮೊತ್ತವೊಂದು, ಅಂದರೆ ಧ್ವನಿ ಇದ್ದಂತೆಯೇ ಇದೆಯೇ ಎಂದು ತಾಳೆ ನೋಡಲು ಲೆಕ್ಕ ಹಾಕಿಟ್ಟ ಅಂಕಿ, ಫೈಲಿನಲ್ಲಿಯೇ ಸೇರಿರುವುದರಿಂದ, ಹತ್ತು ವರ್ಷದ ನಂತರ ಹಾರ್ಡ್‌ಡಿಸ್ಕ್ ಹಾಳಾಗಿ ಫೈಲಿನ ಒಂದು ಭಾಗ ಕೆಟ್ಟಿದ್ದರೆ ಅದು ಪತ್ತೆಯಾಗುತ್ತದೆ. ಸಾದಾ ವೇವ್‌ನಲ್ಲಿ ಈ ಅನುಕೂಲವಿಲ್ಲ.

ವೇವ್ ಬೇಕಾಗುವುದು ಕೆಲಸದ ನಡುವೆ. ಸ್ಟುಡಿಯೊದವರು, ವಿಡಿಯೊ ಎಡಿಟ್ ಮಾಡುವವರು ಅದನ್ನೇ ಕೇಳುತ್ತಾರೆ. ಕೊಡುವ ಮುನ್ನ 44,100 ಬೇಕೋ 48,000 ಬೇಕೋ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು. ವೇವ್‌ಗೆ 4 ಜಿಬಿಯ ಮಿತಿಯೊಂದಿದ್ದು, 48,000 ಹರ್ಟ್ಸ್, 24 ಬಿಟ್, ಸ್ಟೀರಿಯೊ ಧ್ವನಿಯಲ್ಲಿ ಅದು ಸುಮಾರು ನಾಲ್ಕು ಗಂಟೆಗೆ ತುಂಬುತ್ತದೆ. ಅಹೋರಾತ್ರಿ ಭಜನೆಯನ್ನು ಒಂದೇ ಫೈಲಿನಲ್ಲಿ ಮುದ್ರಿಸಲು ಹೊರಟವರು ಇದನ್ನು ನೆನಪಿಡಬೇಕು.

ಹಂಚಿಕೆಗೆ ಎಂಪಿ3 ಇಂದಿಗೂ ಸರ್ವಮಾನ್ಯ. ಅದರ ಪೇಟೆಂಟ್ ಪರವಾನಗಿ ವ್ಯವಸ್ಥೆ 2017ರಲ್ಲಿ ಮುಕ್ತಾಯವಾಯಿತು. ಅದಕ್ಕಿಂತ ಉತ್ತಮವಾದ ಫಾರ್ಮ್ಯಾಟ್‌ಗಳು ಬಂದಿದ್ದರೂ, ಟ್ರ್ಯಾಕ್ಟರಿನ ಡೆಕ್‌ನಿಂದ ಹಿಡಿದು ಗುಡಿಯ ಆಂಪ್ಲಿಫೈಯರಿನವರೆಗೆ ಎಲ್ಲದರಲ್ಲಿಯೂ ಓಡುವುದು ಅದೊಂದೇ. ಹಾಡಿಗೆ 192, ಪ್ರವಚನಕ್ಕೆ ಮೋನೊದಲ್ಲಿ 64 ಕಿಲೋಬಿಟ್ ನನ್ನ ಅನುಭವದಲ್ಲಿ ಸಾಲುತ್ತದೆ. 320ಕ್ಕಿಂತ ಹೆಚ್ಚಿನದು ಎಂಪಿ3ಯಲ್ಲಿ ಇಲ್ಲ. ಎಎಸಿ ಅದೇ ಗಾತ್ರದಲ್ಲಿ ಎಂಪಿ3ಗಿಂತ ಸ್ವಲ್ಪ ಶುದ್ಧವಾಗಿ ಕೇಳಿಸುತ್ತದೆ, ಮೊಬೈಲಿಗೆ ಒಪ್ಪುತ್ತದೆ. 2012ರಲ್ಲಿ ಪ್ರಮಾಣೀಕೃತವಾದ ಓಪಸ್ ಕಡಿಮೆ ಬಿಟ್‌ರೇಟಿನಲ್ಲಿ ಎಲ್ಲವನ್ನೂ ಮೀರಿಸುತ್ತದೆ, ಆದರೆ ಅಗ್ಗದ ಪ್ಲೇಯರುಗಳಿಗೆ ಅದರ ಪರಿಚಯವೇ ಇಲ್ಲ. ಹಳೆಯ ಕೀಪ್ಯಾಡ್ ಮೊಬೈಲುಗಳ ಎಎಂಆರ್ ಫೈಲುಗಳು ಸೆಕೆಂಡಿಗೆ 8,000 ಸ್ಯಾಂಪಲ್‌ಗಳಲ್ಲಿ ಮುದ್ರಿತವಾಗಿರುವುದರಿಂದ ಫೋನಿನಲ್ಲಿ ಕೇಳಿದಂತೆಯೇ ಕೇಳುತ್ತವೆ. ತೀರಿಕೊಂಡ ಹಿರಿಯರ ಮಾತು ಅದರಲ್ಲಿದ್ದರೆ ಮೂಲ ಫೈಲನ್ನು ಹಾಗೆಯೇ ಕಾಪಾಡಿ, ಕೇಳಲು ಮಾತ್ರ ಒಂದು ಎಂಪಿ3 ಪ್ರತಿ ಮಾಡಿಕೊಳ್ಳಿ.

ಕ್ಯಾಸೆಟ್ಟಿನಿಂದ ತಾಯಿಪ್ರತಿಗೆ

ಈ ಕೆಲಸಕ್ಕೆ ಉಚಿತವಾಗಿ ದೊರೆಯುವ, ಧ್ವನಿ ಮುದ್ರಿಸಿ ತಿದ್ದುವ ಆಡಾಸಿಟಿ ತಂತ್ರಾಂಶ ಸಾಕು. ಕ್ಯಾಸೆಟ್ಟನ್ನು ಮೊದಲು ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿಕೊಳ್ಳಬೇಕು. ವರ್ಷಗಟ್ಟಲೆ ತಗಡಿನ ಪೆಟ್ಟಿಗೆಯಲ್ಲಿ ನಮ್ಮ ಭಾಗದ ಬೇಸಿಗೆಯನ್ನು ಉಂಡ ಪಟ್ಟಿ ಒಂದಕ್ಕೊಂದು ಹತ್ತಿಕೊಂಡಿರುವ ಸಂಭವವುಂಟು. ಪ್ಲೇಯರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಕಡ್ಡಿಯಿಂದ ಒರೆಸಿ ಒಣಗಲು ಬಿಡಬೇಕು. ಲ್ಯಾಪ್‌ಟಾಪಿನ ಒಂದೇ ರಂಧ್ರ ಹೆಚ್ಚಾಗಿ ಮೈಕಿಗೆಂದು ಇರುವುದು, ಅದು ಮೋನೊ ಮತ್ತು ಅತಿ ಸೂಕ್ಷ್ಮ. ಹೀಗಾಗಿ ಲೈನ್-ಇನ್ (ಪ್ಲೇಯರಿನಂತಹ ಉಪಕರಣದ ಧ್ವನಿಯನ್ನು ತೆಗೆದುಕೊಳ್ಳುವ ರಂಧ್ರ) ಇರುವ ಚಿಕ್ಕ ಯುಎಸ್‌ಬಿ ಸೌಂಡ್‌ಕಾರ್ಡನ್ನು ಕೊಳ್ಳುವುದು ಲೇಸು. ಚಾರ್ಜರ್ ಹಚ್ಚಿದಾಗ 'ಗುಂಯ್' ಎಂಬ 50 ಹರ್ಟ್ಸ್‌ನ ಸದ್ದು ಸೇರಿಕೊಳ್ಳುತ್ತಿದ್ದರೆ ಅದನ್ನು ಕಳಚಿ ಬ್ಯಾಟರಿಯ ಮೇಲೆಯೇ ಮುದ್ರಿಸಿ. ಮೊದಲ ಕ್ಯಾಸೆಟ್ಟಿಗೆ ನನಗೆ ಅರ್ಧ ದಿನ ಹೋದದ್ದು ಈ ಗುಂಯ್ ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದರಲ್ಲಿ.

ಆಡಾಸಿಟಿಯಲ್ಲಿ ಪ್ರಾಜೆಕ್ಟ್ ರೇಟನ್ನು 44,100 ಅಥವಾ 48,000 ಎಂದು ಇಟ್ಟು, ಎಲ್ಲಕ್ಕಿಂತ ಗಟ್ಟಿಯಾದ ಪದವೊಂದನ್ನು ಹಚ್ಚಿ ಮಟ್ಟ ನೋಡಬೇಕು. ಮೀಟರಿನ ಶಿಖರ ಮೈನಸ್ 6 ಡೆಸಿಬಲ್‌ನ ಸುತ್ತ ನಿಂತರೆ ಸರಿ. ಸೊನ್ನೆಗೆ ತಾಗಿದರೆ ಅಲೆಯ ತಲೆ ಕತ್ತರಿಸಿಹೋಗಿ ಒಡೆದ ಧ್ವನಿ ಬರುತ್ತದೆ, ಅದನ್ನು ಆಮೇಲೆ ತಗ್ಗಿಸಿದರೂ ಒಡಕು ಹೋಗುವುದಿಲ್ಲ. ದಮ್ಮಡಿಯ ಏಟು ಹಾಡುವವರ ದನಿಗಿಂತ ಬಹಳ ಮೇಲೇಳುತ್ತದೆ, ಮಟ್ಟ ನೋಡಬೇಕಾದ್ದು ಅದನ್ನೇ. ಒಂದು ಮುಖವನ್ನು ಪೂರ್ತಿ ಮುದ್ರಿಸಿದ ಮೇಲೆ ಫೈಲ್ ಮೆನುವಿನ 'ಎಕ್ಸ್‌ಪೋರ್ಟ್ ಆಡಿಯೊ' ತೆರೆದು ಫ್ಲ್ಯಾಕ್, 24 ಬಿಟ್ ಆಯ್ಕೆ ಮಾಡಿ ಉಳಿಸಿ. 'ಸೇವ್ ಪ್ರಾಜೆಕ್ಟ್' ಒತ್ತಿದಾಗ ಉಂಟಾಗುವ ಎಯುಪಿ3 ಫೈಲ್ ಆಡಾಸಿಟಿಗೆ ಮಾತ್ರ ಅರ್ಥವಾಗುವಂಥದು. ಅದನ್ನು ಪೆನ್‌ಡ್ರೈವ್‌ಗೆ ಹಾಕಿದರೆ ಯಾವ ಪ್ಲೇಯರೂ ನುಡಿಸುವುದಿಲ್ಲ.

ಸುಸ್ ಸದ್ದನ್ನು ತೆಗೆಯುವ ಆಸೆ ಎಲ್ಲರಿಗೂ ಇರುತ್ತದೆ. ತಾಯಿಪ್ರತಿಯಲ್ಲಿ ಅದಕ್ಕೆ ಕೈ ಹಚ್ಚಬೇಡಿ. ಸದ್ದು ತೆಗೆಯುವ ಸಾಧನ ಏಕತಾರಿಯ ಮೀಟಿನ ಕೊನೆಯ ಝೇಂಕಾರವನ್ನೂ ಸದ್ದೆಂದೇ ಬಗೆದು ನುಂಗುತ್ತದೆ. ಶುದ್ಧಗೊಳಿಸುವ ಕೆಲಸವೆಲ್ಲ ಪ್ರತಿಯ ಮೇಲೆ ನಡೆಯಲಿ.

ಮೋಸ ಹೋಗಿದ್ದೀರಾ ಎಂದು ನೋಡುವ ಬಗೆ

ಬೇರೆಯವರಿಂದ ಬಂದ ವೇವ್ ಅಥವಾ ಫ್ಲ್ಯಾಕ್ ಫೈಲ್ ನಿಜವಾಗಿಯೂ ಮೂಲದಿಂದ ಬಂದದ್ದೋ, ನಡುವೆ ಎಂಪಿ3ಯ ಗಿರಣಿಯನ್ನು ಹೊಕ್ಕು ಬಂದದ್ದೋ ಎಂಬುದನ್ನು ಕಣ್ಣಿನಿಂದ ನೋಡಬಹುದು. ಆಡಾಸಿಟಿಯಲ್ಲಿ ಫೈಲನ್ನು ತೆರೆದು ಟ್ರ್ಯಾಕಿನ ಹೆಸರಿನ ಬಳಿಯ ಮೆನುವಿನಿಂದ 'ಸ್ಪೆಕ್ಟ್ರೊಗ್ರಾಮ್' ಆರಿಸಿ. ಕೆಳಗಿನಿಂದ ಮೇಲಕ್ಕೆ ಮಂದ್ರದಿಂದ ತಾರದವರೆಗಿನ ಕಂಪನಗಳು ಬಣ್ಣದಲ್ಲಿ ಹರಡಿಕೊಳ್ಳುತ್ತವೆ. ನೇರವಾಗಿ ಮುದ್ರಿಸಿದ ಕ್ಯಾಸೆಟ್ಟಿನಲ್ಲಿ ಹಾಡು ಮೇಲಕ್ಕೆ ಹೋದಂತೆ ತೆಳುವಾಗುತ್ತದೆ, ಸುಸ್ ಸದ್ದಿನ ಮಬ್ಬು ಮಾತ್ರ ನಿಧಾನವಾಗಿ ಮಾಸುತ್ತ ತುದಿಯವರೆಗೂ ಇರುತ್ತದೆ. ಅಂಗಡಿಯಿಂದ ಬಂದ ನನ್ನ ಫೈಲಿನಲ್ಲಿ 11 ಸಾವಿರ ಹರ್ಟ್ಸ್‌ನ ಆಸುಪಾಸಿನಲ್ಲಿ ಕುಡುಗೋಲಿನಿಂದ ಕೊಯ್ದಂತೆ ಒಂದು ನೆಟ್ಟಗಿನ ಗೆರೆ ಇತ್ತು, ಅದರ ಮೇಲೆ ಬರೀ ಕತ್ತಲೆ. 128 ಕಿಲೋಬಿಟ್‌ನ ಎಂಪಿ3ಗಳಲ್ಲಿ ಇಂತಹ ಗೆರೆ ಸುಮಾರು 16 ಸಾವಿರದ ಬಳಿ ಕಾಣಿಸುತ್ತದೆ.

ಕಿವಿಯಿಂದ ಪರೀಕ್ಷಿಸುವವರು ಹಾಡುವವರ ದನಿಯನ್ನು ಬಿಟ್ಟು ತಾಳಕ್ಕೆ, ದಮ್ಮಡಿಯ ಅಂಚಿನ ಬಿಲ್ಲೆಗಳಿಗೆ, ಚಪ್ಪಾಳೆಗೆ ಕಿವಿಗೊಡಬೇಕು. ಎಂಪಿ3 ಸೋಲುವುದು ಥಟ್ಟನೆ ಏಳುವ ಇಂತಹ ನಾದಗಳಲ್ಲಿ. ಏಟು ಬೀಳುವ ಮುನ್ನವೇ ಅದರ ಮಸುಕು ನೆರಳು ಕೇಳಿಸುತ್ತದೆ, ಬಿದ್ದ ಮೇಲೆ ನಾದ ಬಿಡಿಬಿಡಿಯಾಗಿ ಕಂಪಿಸುತ್ತದೆ. ಹೆಡ್‌ಫೋನ್ ಇಲ್ಲದೆ ಮೊಬೈಲಿನ ಸ್ಪೀಕರಿನಲ್ಲಿ ಕೇಳಿದರೆ ಇದೊಂದೂ ತಿಳಿಯುವುದಿಲ್ಲ.

ವಾಟ್ಸಾಪ್‌ನಿಂದ ಬಂದದ್ದು, ವಾಟ್ಸಾಪ್‌ಗೆ ಹೋಗುವುದು

ಮೊಹರಂ ಬಂತೆಂದರೆ ಊರೂರಿನ ಪದಗಳು ವಾಯ್ಸ್ ಮೆಸೇಜ್ ಆಗಿ ಹರಿದಾಡುತ್ತವೆ. ಇವೆಲ್ಲ ಓಪಸ್ ಧ್ವನಿಗಳು, ಮಾತಿಗೆಂದು ಬಿಗಿಯಾಗಿ ಅಡಕ ಮಾಡಿದವು. ಇವನ್ನು ಆಂಪ್ಲಿಫೈಯರಿಗಾಗಿ ಎಂಪಿ3 ಮಾಡುವಾಗ 128 ಕಿಲೋಬಿಟ್ ಇಟ್ಟರೆ ಧಾರಾಳವಾಯಿತು; 320 ಇಟ್ಟರೆ ಫೈಲ್ ಉಬ್ಬುತ್ತದೆ, ಧ್ವನಿ ಉತ್ತಮವಾಗುವುದಿಲ್ಲ. ಕೆಲವು ಹಳೆಯ ಆಡಾಸಿಟಿ ಆವೃತ್ತಿಗಳು ಓಪಸ್ ತೆರೆಯಲು ಎಫ್‌ಎಫ್‌ಎಂಪೆಗ್ ಲೈಬ್ರರಿಯನ್ನು ಕೇಳುತ್ತವೆ. ಒಂದೆರಡು ಫೈಲುಗಳಿಗೆ ವಿಎಲ್‌ಸಿಯ ಮೀಡಿಯಾ ಮೆನುವಿನಲ್ಲಿರುವ 'ಕನ್ವರ್ಟ್' ಸಾಕು, ನೂರಾರು ಫೈಲುಗಳಿದ್ದರೆ ಫ್ರೀಎಸಿ ಎಂಬ ಉಚಿತ ತಂತ್ರಾಂಶ ಫೋಲ್ಡರನ್ನೇ ಒಟ್ಟಿಗೆ ಬದಲಿಸುತ್ತದೆ. ಆನ್‌ಲೈನ್‌ನಲ್ಲಿ ಫೈಲ್ ಏರಿಸಿ ಬದಲಿಸಿಕೊಳ್ಳುವ ತಾಣಗಳನ್ನು ಮನೆಮಂದಿಯ ಮಾತುಕತೆ, ಕಚೇರಿಯ ಸಭೆಗಳಂತಹ ಖಾಸಗಿ ಧ್ವನಿಗೆ ನಾನಂತೂ ಬಳಸುವುದಿಲ್ಲ.

ನೀವೇ ಕಳುಹಿಸುವಾಗ, ಧ್ವನಿ ಕೆಡಬಾರದೆಂದಿದ್ದರೆ ಫೈಲನ್ನು 'ಡಾಕ್ಯುಮೆಂಟ್' ಆಗಿ ಕಳುಹಿಸಿ; ಹಾಡನ್ನು ಒಂದು ಮೊಬೈಲಿನಲ್ಲಿ ಹಚ್ಚಿ ಇನ್ನೊಂದರಲ್ಲಿ ವಾಯ್ಸ್ ಮೆಸೇಜ್ ಒತ್ತಿ ಹಿಡಿಯುವ ರೂಢಿಯನ್ನು ಬಿಡಿ.

ಗುಡಿಯ ಪೆನ್‌ಡ್ರೈವ್

ಆಂಪ್ಲಿಫೈಯರಿನಲ್ಲಿ ಓಡದ ಹತ್ತು ಪೆನ್‌ಡ್ರೈವ್‌ಗಳಲ್ಲಿ ದೋಷ ಬಹುಪಾಲು ಹಾಡಿನಲ್ಲಿ ಇರುವುದಿಲ್ಲ, ಪೆನ್‌ಡ್ರೈವ್ ಸಿದ್ಧಪಡಿಸಿದ ರೀತಿಯಲ್ಲಿರುತ್ತದೆ. ಪೆನ್‌ಡ್ರೈವ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ಮಾದರಿಗಳು ಹಲವಿದ್ದು, ಇಂತಹ ಉಪಕರಣಗಳು ಅವುಗಳಲ್ಲಿ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಅನ್ನು ಓದದಿರುವುದೇ ಹೆಚ್ಚು. 32 ಜಿಬಿ ಅಥವಾ ಅದಕ್ಕಿಂತ ಚಿಕ್ಕ ಪೆನ್‌ಡ್ರೈವನ್ನು ತೆಗೆದುಕೊಂಡು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ. ಎಂಪಿ3ಯನ್ನು ಸ್ಥಿರ ಬಿಟ್‌ರೇಟಿನಲ್ಲಿ, 44,100 ಹರ್ಟ್ಸ್‌ನಲ್ಲಿ ಮಾಡಿ; ಬಿಟ್‌ರೇಟ್ ಏರಿಳಿಯುವ ಎಂಪಿ3 ಮೊಬೈಲಿಗೆ ಲಾಭಕರವಾದರೂ ಅಗ್ಗದ ಪ್ಲೇಯರುಗಳು ಅದರ ಅವಧಿಯನ್ನು ತಪ್ಪಾಗಿ ತೋರಿಸುತ್ತವೆ. ಕನ್ನಡದಲ್ಲಿ ಬರೆದ ಫೈಲ್ ಹೆಸರು ಪರದೆಯ ಮೇಲೆ ಚೌಕಗಳಾಗಿ ಕಾಣುವುದರಿಂದ 01, 02 ಎಂದು ಅಂಕಿಗಳನ್ನು ಇಟ್ಟು, ಯಾವ ಅಂಕಿಗೆ ಯಾವ ಪದ ಎಂಬ ಪಟ್ಟಿಯನ್ನು ಕಾಗದದಲ್ಲಿ ಬರೆದು ಆಂಪ್ಲಿಫೈಯರಿನ ಮೇಲೆ ಅಂಟಿಸಿದರೆ ಪೂಜಾರಿಗೂ ಅನುಕೂಲ. ಹಲವು ಆಂಪ್ಲಿಫೈಯರುಗಳು ಹೆಸರಿನ ಕ್ರಮವನ್ನು ಬಿಟ್ಟು ಪೆನ್‌ಡ್ರೈವ್‌ಗೆ ಬರೆದ ಕ್ರಮದಲ್ಲಿ ನುಡಿಸುತ್ತವೆಯಾದ್ದರಿಂದ, ಸುಪ್ರಭಾತದ ಜಾಗದಲ್ಲಿ ಮಂಗಳಾರತಿ ಬರಬಾರದೆಂದಿದ್ದರೆ ಫೈಲುಗಳನ್ನು ಒಂದೊಂದಾಗಿ ಸರದಿಯಂತೆ ಕಾಪಿ ಮಾಡಬೇಕು.

ಬದಲಿಸಲೇಬಾರದ ಫೈಲ್

ಹೊಲದ ತಕರಾರಿನ ಕರೆ, ಬೆದರಿಕೆಯ ಮಾತು ಮೊದಲಾದ, ಮುಂದೆ ನ್ಯಾಯಾಲಯಕ್ಕೆ ಹೋಗಬಹುದಾದ ಧ್ವನಿಯನ್ನು ಯಾವ ಕಾರಣಕ್ಕೂ ಬದಲಿಸಬೇಡಿ, ಕತ್ತರಿಸಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ವಿದ್ಯುನ್ಮಾನ ದಾಖಲೆಯೊಂದಿಗೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನು, ಅಂದರೆ ಫೈಲಿನ ಮಾಹಿತಿಯಿಂದ ಲೆಕ್ಕ ಹಾಕಿದ, ಅದರ ಬೆರಳಚ್ಚಿನಂತಹ ಅಂಕಿ-ಅಕ್ಷರಗಳ ಸಾಲನ್ನು, ನಮೂದಿಸಬೇಕಾಗುತ್ತದೆ. ಒಂದೇ ಒಂದು ಬಿಟ್ ಬದಲಾದರೂ ಹ್ಯಾಶ್ ಬೇರೆಯಾಗುವುದರಿಂದ, ಎಎಂಆರ್‌ನಿಂದ ಎಂಪಿ3ಗೆ ಬದಲಿಸಿದ ಫೈಲ್ ಮೂಲದೊಂದಿಗೆ ತಾಳೆಯಾಗುವುದಿಲ್ಲ. ಫೋನನ್ನು ಹಾಗೆಯೇ ಇಟ್ಟುಕೊಂಡು ವಕೀಲರನ್ನು ಕೇಳಿ.

ಕೊನೆಯಲ್ಲಿ ಬೇಸರ ತರುವ ಒಂದು ಕೆಲಸ ಉಳಿಯುತ್ತದೆ: ಬದಲಿಸಿದ ಪ್ರತಿ ಫೈಲಿನ ಅವಧಿಯನ್ನು ಮೂಲದೊಂದಿಗೆ ಹೋಲಿಸಿ, ಮೊದಲ, ನಡುವಿನ, ಕೊನೆಯ ಒಂದೊಂದು ನಿಮಿಷವನ್ನು ಕೇಳುವುದು. ನನ್ನ ಏಳನೆಯ ಕ್ಯಾಸೆಟ್ಟಿನ ಎರಡನೆಯ ಮುಖ ಮೂವತ್ತೊಂದನೆಯ ನಿಮಿಷಕ್ಕೇ ನಿಂತುಹೋಗಿತ್ತು; ಚಾರ್ಜರ್ ಕಳಚಿದ್ದ ಲ್ಯಾಪ್‌ಟಾಪ್ ನಿದ್ರೆಗೆ ಜಾರಿತ್ತು, ಕ್ಯಾಸೆಟ್ ಮಾತ್ರ ತನ್ನ ಪಾಡಿಗೆ ಹಾಡಿ ಮುಗಿಸಿತ್ತು. ಹೀಗೆ ಪರೀಕ್ಷಿಸಿದ ಫ್ಲ್ಯಾಕ್ ಫೈಲುಗಳ ಒಂದು ಪ್ರತಿಯನ್ನು ಮನೆಯ ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದನ್ನು ಬೀದರದಲ್ಲಿರುವ ತಂಗಿಯ ಮನೆಯಲ್ಲಿ ಇಟ್ಟಿದ್ದೇನೆ. ಕ್ಯಾಸೆಟ್‌ಗಳನ್ನೂ ಎಸೆದಿಲ್ಲ; ತಗಡಿನ ಪೆಟ್ಟಿಗೆಯಿಂದ ತೆಗೆದು, ಸ್ಪೀಕರಿನ ಅಯಸ್ಕಾಂತದಿಂದ ದೂರ, ಮನೆಯ ತಂಪಾದ ನಡುಕೋಣೆಯ ಕಪಾಟಿನಲ್ಲಿ ಪುಸ್ತಕಗಳಂತೆ ನಿಲ್ಲಿಸಿಟ್ಟಿದ್ದೇನೆ.